ವಿದ್ಯಾದಾನದ ಲೆಕ್ಕದಲ್ಲಿ ಬಿಟ್ಟುಹೋಗುವ ಬಾಬು

ವಿದ್ಯೆಗಾಗಿ ವೆಚ್ಚ ಮಾಡಿದ ಹಣದ ಲೆಕ್ಕ ಬರೆಯುವಾಗ ಕಟ್ಟಡಕ್ಕೊಂದು ಬಾಬು, ಪುಸ್ತಕಕ್ಕೊಂದು ಬಾಬು, ಈಚಿನ ವರ್ಷಗಳಲ್ಲಿ ಗಣಕಯಂತ್ರಗಳಿಗೊಂದು ಬಾಬು ಇರುವುದು ವಾಡಿಕೆ. ವಿದ್ಯಾರ್ಥಿಯು ಬರೆದ ಉತ್ತರವನ್ನು ಕುಳಿತು ಓದಿ, ಅವನು ಎಡವಿದ್ದು ಎಲ್ಲಿ, ಏಕೆ ಎಂದು ತಿಳಿಯಹೇಳುವವರ ಶ್ರಮಕ್ಕೆ ಮಾತ್ರ ಅನೇಕ ವೇಳೆ ಪ್ರತ್ಯೇಕ ಬಾಬೇ ಇರುವುದಿಲ್ಲ. ಅದು ಹೇಗೋ ತಾನಾಗಿ ನಡೆದುಹೋಗುತ್ತದೆಂಬ ಭಾವನೆ. ವಸ್ತುವನ್ನು ಕೊಂಡರೆ ರಸೀದಿ ದೊರೆಯುತ್ತದೆ, ಅದು ಕಣ್ಣಿಗೆ ಕಾಣುತ್ತದೆ, ಉದ್ಘಾಟನೆಗೂ ಒದಗುತ್ತದೆ. ಓದಿ ತಿದ್ದುವ ಶ್ರಮಕ್ಕೆ ಈ ಯಾವ ಅನುಕೂಲವೂ ಇಲ್ಲ. ಆದರೆ ವಿದ್ಯೆಯು ಒಬ್ಬರಿಂದ ಇನ್ನೊಬ್ಬರಿಗೆ ಸಲ್ಲುವುದು ಯಾವ ಘಟ್ಟದಲ್ಲಿ ಎಂದು ಹುಡುಕುತ್ತ ಹೋದವರು ಬಂದು ನಿಲ್ಲುವುದು ಈ ಕಾಣದ ಬಾಬಿನ ಬಳಿಯಲ್ಲಿಯೇ. ಶೈಕ್ಷಣಿಕ ತಂತ್ರಜ್ಞಾನವೆಂಬ ವಿಷಯವನ್ನು ಅಂತರ್ಜಾಲದ ಮೂಲಕವೇ ಸ್ನಾತಕೋತ್ತರ ಮಟ್ಟದಲ್ಲಿ ಅಭ್ಯಾಸ ಮಾಡಿಸುವ ಒಂದು ವ್ಯವಸ್ಥೆಯನ್ನು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಆ ವ್ಯವಸ್ಥೆ ಇರುವುದು ಅಮೆರಿಕದ ಅಟ್ಲಾಂಟಾ ನಗರದಲ್ಲಿ. ಅಲ್ಲಿಯ ಜಾರ್ಜಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಂಬ ಸಾರ್ವಜನಿಕ ವಿಶ್ವವಿದ್ಯಾಲಯವು ಗಣಕ ವಿಜ್ಞಾನದ ಸ್ನಾತಕೋತ್ತರ ಪದವಿಯನ್ನು ಸಂಪೂರ್ಣವಾಗಿ ಅಂತರ್ಜಾಲದ ಮೂಲಕ ನೀಡುವುದಾಗಿ 2013ರ ಮೇ ತಿಂಗಳಿನಲ್ಲಿ ಪ್ರಕಟಿಸಿತು. ಯುಡಾಸಿಟಿ ಎಂಬ ಸಂಸ್ಥೆ ಪಾಠಗಳ ಚಿತ್ರೀಕರಣಕ್ಕೆ ಜೊತೆಯಾಯಿತು. ಎ ಟಿ ಅಂಡ್ ಟಿ ಎಂಬ ದೂರವಾಣಿ ಕಂಪನಿ 20 ಲಕ್ಷ ಡಾಲರ್ ನೆರವು ನೀಡಿತು. 2014ರ ಜನವರಿಯಲ್ಲಿ ಸುಮಾರು 380 ವಿದ್ಯಾರ್ಥಿಗಳೊಡನೆ ಪಾಠ ಆರಂಭವಾಯಿತು. ಆವರಣದಲ್ಲಿದ್ದು ಓದುವ ಹೊರನಾಡಿನವರಿಗೆ ಆಗ ತಗಲುತ್ತಿದ್ದ ಶುಲ್ಕ ಸುಮಾರು 45,000 ಡಾಲರ್; ಅಂತರ್ಜಾಲದ ಮೂಲಕ ಓದುವವರಿಗೆ ಸುಮಾರು 7,000. ಪದವಿ ಎರಡೂ ಕಡೆ ಒಂದೇ. ಕೆಲವೇ ವರ್ಷಗಳಲ್ಲಿ ಒಂದೊಂದು ಅವಧಿಗೆ 10,000ಕ್ಕೂ ಹೆಚ್ಚು ಮಂದಿ ಅಲ್ಲಿ ಓದತೊಡಗಿದರು. ಹಗಲು ಕಚೇರಿಯಲ್ಲಿ ದುಡಿದು, ರಾತ್ರಿ ಮಕ್ಕಳು ಮಲಗಿದ ಮೇಲೆ ಪುಸ್ತಕ ತೆರೆಯುವ ಗೃಹಸ್ಥರೇ ಅವರಲ್ಲಿ ಬಹುಮಂದಿ.

ಈ ಪದವಿಯ ಪಾಠಪಟ್ಟಿಯಲ್ಲಿ ಶೈಕ್ಷಣಿಕ ತಂತ್ರಜ್ಞಾನವೂ ಒಂದು ವಿಷಯ. ಅದನ್ನು ರೂಪಿಸಿ ನಡೆಸಿದವರು ಡೇವಿಡ್ ಜಾಯ್ನರ್. ಉಳಿದ ವಿಷಯಗಳಿಗಿಂತ ಇದರ ಕ್ರಮ ಬೇರೆ. ಉಪನ್ಯಾಸ ಕೇಳಿ ಪರೀಕ್ಷೆ ಬರೆಯುವ ಪದ್ಧತಿ ಇಲ್ಲಿಲ್ಲ. ಮೊದಲ ಕೆಲವು ವಾರ ವಿದ್ಯಾರ್ಥಿಯು ತನಗೆ ಆಸಕ್ತಿಯಿರುವ ಒಂದು ಶೈಕ್ಷಣಿಕ ಸಮಸ್ಯೆಯನ್ನು ಆರಿಸಿಕೊಂಡು, ಅದರ ಮೇಲೆ ಹಿಂದಿನವರು ಬರೆದ ಸಂಶೋಧನ ಲೇಖನಗಳನ್ನು ತಾನೇ ಹುಡುಕಿ ಓದಬೇಕು. ಬಳಿಕ ತಾನು ಮಾಡಲಿರುವ ಕೆಲಸದ ಯೋಜನೆಯನ್ನು ಬರೆದು ಒಪ್ಪಿಸಬೇಕು. ಆ ಕೆಲಸ ಮೂರು ಬಗೆಯದಾಗಿರಬಹುದು: ಹೊಸದೊಂದು ಸಂಶೋಧನೆ, ಕಲಿಕೆಗೆ ನೆರವಾಗುವ ಒಂದು ಉಪಕರಣದ ರಚನೆ, ಇಲ್ಲವೇ ಪಾಠವೊಂದರ ನಿರ್ಮಾಣ. ಉಳಿದ ವಾರಗಳೆಲ್ಲ ಅದನ್ನು ಮಾಡಿ ಮುಗಿಸುವುದಕ್ಕೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ಒಬ್ಬ ಮಾರ್ಗದರ್ಶಕರನ್ನು ಗೊತ್ತುಮಾಡಲಾಗುತ್ತದೆ. ಅವಧಿಯುದ್ದಕ್ಕೂ ಆ ವಿದ್ಯಾರ್ಥಿಯ ಬರಹಗಳನ್ನು ಓದಿ ಅಭಿಪ್ರಾಯ ತಿಳಿಸುವವರು ಅವರೇ. ಇದಲ್ಲದೆ ವಿದ್ಯಾರ್ಥಿಗಳು ಒಬ್ಬರ ಬರಹವನ್ನು ಒಬ್ಬರು ಓದಿ ಗುಣದೋಷಗಳನ್ನು ಬರೆದು ಕಳುಹಿಸುತ್ತಾರೆ. ಅಂಕ ನೀಡುವ ಹೊಣೆ ಮಾತ್ರ ಬೋಧಕವರ್ಗದ್ದು.

ಹೀಗೆ ಹುಡುಕಿ ಓದುತ್ತ ಹೋದ ವಿದ್ಯಾರ್ಥಿಗೆ ಮೊದಲು ಎದುರಾಗುವುದು ಈ ವಿಷಯದ ಇತಿಹಾಸ. ಅದು ಬಹುಮಟ್ಟಿಗೆ ಕೊಟ್ಟ ಮಾತುಗಳ ಮತ್ತು ತಪ್ಪಿದ ಮಾತುಗಳ ಇತಿಹಾಸ. 1913ರಲ್ಲಿ ಥಾಮಸ್ ಎಡಿಸನ್ ಚಲನಚಿತ್ರದಿಂದಾಗಿ ಶಾಲೆಗಳಲ್ಲಿ ಪುಸ್ತಕಗಳು ಬೇಗನೆ ಬಳಕೆ ತಪ್ಪುವುವೆಂದೂ ಹತ್ತು ವರ್ಷಗಳಲ್ಲಿ ಶಾಲೆಯ ರೂಪವೇ ಬದಲಾಗುವುದೆಂದೂ ಭವಿಷ್ಯ ನುಡಿದಿದ್ದರು. ಪುಸ್ತಕ ಉಳಿಯಿತು. 1953ರಲ್ಲಿ ಮನೋವಿಜ್ಞಾನಿ ಸ್ಕಿನ್ನರ್ ಮಗಳ ಗಣಿತದ ತರಗತಿಯನ್ನು ನೋಡಲು ಹೋದರು. ಮಕ್ಕಳು ಸಾಲಾಗಿ ಕುಳಿತು ಲೆಕ್ಕ ಮಾಡುತ್ತಿದ್ದರು. ಮಾಡಿದ್ದು ಸರಿಯೋ ತಪ್ಪೋ ಎಂಬುದು ಯಾರಿಗೂ ಆಗಲೇ ತಿಳಿಯುತ್ತಿರಲಿಲ್ಲ. ಈ ಕೊರತೆಯನ್ನು ಕಂಡು ಅವರು ಬೋಧನ ಯಂತ್ರದ ರಚನೆಗೆ ತೊಡಗಿದರು. ರೋಗವನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ಆದರೆ ಅವರ ಯಂತ್ರಗಳು ಶಾಲೆಗಳಲ್ಲಿ ನೆಲೆಯೂರಲಿಲ್ಲ. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೋ ಎಂಬ ಗಣಕಾಧಾರಿತ ಬೋಧನ ವ್ಯವಸ್ಥೆ ಹುಟ್ಟಿತು. ಪಾಠ ಹೇಳಲೆಂದು ಕಟ್ಟಿದ ಆ ವ್ಯವಸ್ಥೆಯಲ್ಲಿ 1973ರ ವೇಳೆಗೆ ಬಳಕೆದಾರರು ಪರಸ್ಪರ ಪ್ರಶ್ನೆ ಬರೆದು ಉತ್ತರ ಪಡೆಯುವ ಏರ್ಪಾಡೂ ಬೆಳೆದು ಜನಪ್ರಿಯವಾಯಿತು. ಯಂತ್ರದ ಮುಂದೆ ಕುಳಿತವರೂ ಮನುಷ್ಯರನ್ನೇ ಅರಸಿದರು.

ಕರ್ನಾಟಕವೂ ಈ ಇತಿಹಾಸದಲ್ಲಿ ಪಾಲುಗೊಂಡಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಭಾರತದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಪ್ರಸಾರವಾದವು. ಸೈಟ್ ಎಂದು ಪ್ರಸಿದ್ಧವಾದ ಆ ಪ್ರಯೋಗದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಹಿರಿಯರಿಗೆ ಕಾರ್ಯಕ್ರಮಗಳಿದ್ದವು, ಕನ್ನಡದಲ್ಲಿಯೂ ಇದ್ದವು. ಎರವಲು ಪಡೆದ ಉಪಗ್ರಹ ಒಂದು ವರ್ಷದ ಬಳಿಕ ಹಿಂದೆ ಸರಿಯಿತು. ಆ ಕಾಲಕ್ಕೆ ಅದೊಂದು ದೊಡ್ಡ ಸಾಹಸ; ಅದರಿಂದ ದೇಶದ ತಂತ್ರಜ್ಞರು ಬಹಳ ಕಲಿತರು. ಆದರೂ ಅದರ ಸ್ವರೂಪದಲ್ಲಿಯೇ ಒಂದು ಮಿತಿಯಿತ್ತು. ಆಕಾಶದಿಂದ ಮಾತು ಕೆಳಗಿಳಿಯುತ್ತಿತ್ತು. ಹಳ್ಳಿಯ ಮಗುವಿನ ಉತ್ತರ ಮೇಲೇರುವ ದಾರಿ ಇರಲಿಲ್ಲ. ಆ ಉತ್ತರವನ್ನು ಕೇಳಿಸಿಕೊಳ್ಳಬೇಕಾದವರು ಶಾಲೆಯ ಗುರುಗಳೇ ಆಗಿದ್ದರು.

ಇತಿಹಾಸದ ಬಳಿಕ ವಿದ್ಯಾರ್ಥಿಯ ಕೈಗೆ ಬರುವುದು ವಾದವಿವಾದಗಳು. 1983ರಲ್ಲಿ ರಿಚರ್ಡ್ ಕ್ಲಾರ್ಕ್ ಎಂಬ ವಿದ್ವಾಂಸರು ಒಂದು ಉಪಮೆ ನೀಡಿದರು. ದಿನಸಿಯನ್ನು ಹೊತ್ತು ತರುವ ಲಾರಿಯಿಂದ ಉಣ್ಣುವವರ ಪುಷ್ಟಿ ಹೆಚ್ಚುವುದಿಲ್ಲ. ಹಾಗೆಯೇ ಪಾಠವನ್ನು ಹೊತ್ತು ತರುವ ಮಾಧ್ಯಮದಿಂದಲೇ ಕಲಿಕೆ ಹೆಚ್ಚುವುದಿಲ್ಲವೆಂಬುದು ಅವರ ವಾದದ ಸಾರ. ವ್ಯಾಪಾರ ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವ ಮಾತು. ರಾಬರ್ಟ್ ಕೋಜ್ಮಾ ಇದನ್ನು ಒಪ್ಪಲಿಲ್ಲ. ಕೆಲವು ಮಾಧ್ಯಮಗಳು ಕೆಲವು ಬಗೆಯ ಕಲಿಕೆಯನ್ನು ಸಾಧ್ಯವಾಗಿಸುತ್ತವೆ, ಆದ್ದರಿಂದ ವಾಹನವನ್ನೂ ಸರಕನ್ನೂ ಅಷ್ಟು ಸುಲಭವಾಗಿ ಬೇರ್ಪಡಿಸಲಾಗದೆಂದು ಅವರು ಉತ್ತರ ಕೊಟ್ಟರು. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಲಾರಿಯಿಂದ ಪುಷ್ಟಿ ಬಾರದು ನಿಜ. ಲಾರಿ ಹೋಗದ ಊರಿಗೆ ದಿನಸಿಯೇ ಬಾರದೆಂಬುದೂ ನಿಜ.

1984ರಲ್ಲಿ ಬೆಂಜಮಿನ್ ಬ್ಲೂಮ್ ಪ್ರಕಟಿಸಿದ ಲೇಖನ ಇನ್ನೂ ಹೆಚ್ಚು ಪ್ರಸಿದ್ಧ. ಒಬ್ಬ ಗುರುವಿನಿಂದ ಪ್ರತ್ಯೇಕವಾಗಿ ಕಲಿತ ಸಾಧಾರಣ ವಿದ್ಯಾರ್ಥಿಯು ಸಾಮಾನ್ಯ ತರಗತಿಯ ನೂರರಲ್ಲಿ 98 ಮಂದಿಯನ್ನು ಮೀರಿಸುವನೆಂದು ಅವರು ತೋರಿಸಿದರು. ಇದೇ ಫಲವನ್ನು ಎಲ್ಲರಿಗೂ ಎಟುಕುವ ವೆಚ್ಚದಲ್ಲಿ ಪಡೆಯುವುದು ಹೇಗೆ ಎಂಬ ಪ್ರಶ್ನೆಯನ್ನು ವಿದ್ವಾಂಸರ ಮುಂದಿಟ್ಟರು. ಅಂದಿನಿಂದ ಯಂತ್ರ ಮಾರುವವರೆಲ್ಲ ಆ ಸಂಖ್ಯೆಯನ್ನು ಹೇಳುತ್ತ ಬಂದಿದ್ದಾರೆ. ಆದರೆ 2011ರಲ್ಲಿ ಕರ್ಟ್ ವ್ಯಾನ್‌ಲೆನ್ ಅನೇಕ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಪ್ರತ್ಯೇಕ ಬೋಧನೆಯ ಫಲ ಬ್ಲೂಮ್ ಹೇಳಿದ್ದರ ಅರ್ಧಕ್ಕಿಂತಲೂ ಕಡಿಮೆಯೆಂದು ಕಂಡಿತು. ಅದೂ ಸಣ್ಣ ಲಾಭವಲ್ಲ. ಆದರೆ ಜಾಹೀರಾತಿನ ಲಾಭವಲ್ಲ. ಒಳ್ಳೆಯ ಗಣಕ ಬೋಧಕವೂ ಮನುಷ್ಯ ಬೋಧಕರ ಸಮೀಪಕ್ಕೆ ಬರುತ್ತದೆಂಬುದು ಅದೇ ಅಧ್ಯಯನದ ಇನ್ನೊಂದು ಫಲಿತಾಂಶ. ಹೆಜ್ಜೆಹೆಜ್ಜೆಗೂ ವಿದ್ಯಾರ್ಥಿಯ ಉತ್ತರವನ್ನು ನೋಡಿ ಪ್ರತಿಕ್ರಿಯೆ ನೀಡುವ ಯಂತ್ರಗಳ ಮಾತು ಇದು. ಕೇವಲ ಪಾಠ ಒಪ್ಪಿಸುವ ಯಂತ್ರಕ್ಕೆ ಈ ಮಾತು ಅನ್ವಯಿಸದು. ಪ್ರಸಿದ್ಧವಾದ ಸಂಖ್ಯೆಯನ್ನು ಕೂಡ ಮೂಲಕ್ಕೆ ಹೋಗಿ ತೂಗಿ ನೋಡಬೇಕೆಂಬ ಪಾಠವನ್ನು ವಿದ್ಯಾರ್ಥಿ ಇಲ್ಲಿ ಕಲಿಯುತ್ತಾನೆ.

ಮಾತು ಮತ್ತು ಫಲದ ನಡುವಣ ಅಂತರ ಹೆಚ್ಚು ಸ್ಪಷ್ಟವಾಗಿ ಕಂಡದ್ದು 2011ರ ನಂತರ. ಆ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಪಾಠವನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಾಗ ಸುಮಾರು 1,60,000 ಮಂದಿ ಹೆಸರು ನೋಂದಾಯಿಸಿದರು. ಇಂತಹ ಬೃಹತ್ ಪಾಠಗಳು ಮುಂದಿನ ವರ್ಷ ಹತ್ತಾರಾದವು. ಆದರೆ ಸೇರಿದವರಲ್ಲಿ ಕೊನೆ ಮುಟ್ಟುವವರು ಸಾಮಾನ್ಯವಾಗಿ ನೂರಕ್ಕೆ ಹತ್ತಕ್ಕಿಂತ ಕಡಿಮೆಯಾಗಿದ್ದರು. 2013ರಲ್ಲಿ ಯುಡಾಸಿಟಿಯು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದೊಡನೆ ಕೂಡಿ, ಪಾಠವೊಂದಕ್ಕೆ 150 ಡಾಲರ್ ಶುಲ್ಕದಲ್ಲಿ, ಗಣಿತ ಮತ್ತು ಸಂಖ್ಯಾಶಾಸ್ತ್ರದ ಮೂರು ಪಾಠಗಳನ್ನು ಆರಂಭಿಸಿತು. ಮೊದಲ ಅವಧಿಯಲ್ಲಿ ತೇರ್ಗಡೆಯಾದವರು ಆವರಣದ ತರಗತಿಗಳಿಗಿಂತ ಬಹಳ ಕಡಿಮೆ. ಹಿಂದೆ ಗಣಿತದಲ್ಲಿ ಅನುತ್ತೀರ್ಣರಾದವರು, ಬಡ ಶಾಲೆಗಳ ಮಕ್ಕಳು, ಮನೆಯಲ್ಲಿ ಗಣಕಯಂತ್ರವೇ ಇಲ್ಲದವರು ಅಲ್ಲಿದ್ದರು. ಜುಲೈ ತಿಂಗಳಿನಲ್ಲಿ ಆ ಪ್ರಯೋಗವನ್ನು ತಡೆಹಿಡಿಯಲಾಯಿತು. ಬೇಸಿಗೆಯ ಅವಧಿಯಲ್ಲಿ ಫಲಿತಾಂಶ ಸುಧಾರಿಸಿತು. ಆದರೆ ಆಗ ಸೇರಿದವರಲ್ಲಿ ಅನೇಕರು ಮೊದಲೇ ಪದವಿ ಪಡೆದವರಾಗಿದ್ದರು.

ಅದೇ ವರ್ಷ, ಅದೇ ಸಂಸ್ಥೆಯ ವೇದಿಕೆಯಲ್ಲಿ ಸಿದ್ಧವಾದ ಅಟ್ಲಾಂಟಾದ ಪದವಿ ಏಕೆ ನಿಂತಿತು? ಎರಡು ಕಾರಣಗಳು ಎದ್ದು ಕಾಣುತ್ತವೆ. ಅಲ್ಲಿ ಸೇರಿದವರು ಕಲಿಯುವುದು ಹೇಗೆಂಬುದನ್ನು ಮೊದಲೇ ಕಲಿತಿದ್ದವರು. ಪ್ರವೇಶದ ಬಾಗಿಲು ಅಗಲವಾದರೂ ಅರ್ಹತೆಯ ಹೊಸ್ತಿಲು ಇತ್ತು. ಮೊದಲ ವರ್ಷದಲ್ಲಿಯೇ ಎರಡು ಮೂಲ ವಿಷಯಗಳಲ್ಲಿ ಉತ್ತಮ ದರ್ಜೆ ಪಡೆಯದವರು ಮುಂದುವರಿಯುವಂತಿರಲಿಲ್ಲ. ಎರಡನೆಯ ಕಾರಣವೇ ಇಲ್ಲಿ ಮುಖ್ಯ. ಚಿತ್ರೀಕರಿಸಿದ ಪಾಠವನ್ನು ಹತ್ತು ಸಾವಿರ ಮಂದಿಗೆ ತೋರಿಸುವ ಖರ್ಚು ನೂರು ಮಂದಿಗೆ ತೋರಿಸುವುದಕ್ಕಿಂತ ಹೆಚ್ಚೇನೂ ಆಗದು. ಆದರೆ ಹತ್ತು ಸಾವಿರ ಪ್ರಬಂಧಗಳನ್ನು ಓದುವುದಕ್ಕೆ ನೂರು ಪ್ರಬಂಧಗಳನ್ನು ಓದುವುದರ ನೂರು ಪಟ್ಟು ಶ್ರಮ ಬೇಕು. ಆ ಸಂಸ್ಥೆ ಈ ಲೆಕ್ಕವನ್ನು ಮರೆಮಾಚಲಿಲ್ಲ. ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿದಂತೆ ಬರಹಗಳನ್ನು ಓದುವ ಸಹಾಯಕರ ಸಂಖ್ಯೆಯನ್ನೂ ಹೆಚ್ಚಿಸಿತು. ಅವರಲ್ಲಿ ಅನೇಕರು ಇದೇ ಪದವಿಯನ್ನು ಓದುತ್ತಿರುವವರು, ಇಲ್ಲವೇ ಓದಿ ಮುಗಿಸಿದವರು. ಬೇರೆ ಉದ್ಯೋಗದಲ್ಲಿ ಸಾಕಷ್ಟು ಸಂಪಾದಿಸುತ್ತಿದ್ದರೂ, ಸಣ್ಣ ಸಂಭಾವನೆಗೆ ಸಂಜೆಯ ಹೊತ್ತು ಕುಳಿತು ಹಿಂದೆ ಬಂದವರ ಬರಹ ಓದುವವರು ಅವರಲ್ಲಿದ್ದಾರೆ. ತಾವು ಪಡೆದುದನ್ನು ಮುಂದಿನವರಿಗೆ ದಾಟಿಸುವ ಈ ಮನೋಭಾವವು ಯಾವ ಯಂತ್ರದ ಬೆಲೆಪಟ್ಟಿಯಲ್ಲಿಯೂ ಕಾಣಸಿಗದು.

ಇದರ ಫಲವನ್ನು ಸಂಶೋಧಕರೂ ಅಳೆದಿದ್ದಾರೆ. ಜೋಶುವಾ ಗುಡ್‌ಮನ್ ಮತ್ತು ಇಬ್ಬರು ಸಹೋದ್ಯೋಗಿಗಳು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರವೇಶಕ್ಕೆ ಬೇಕಾದ ಅಂಕಗಳ ಗೆರೆಗೆ ಸ್ವಲ್ಪ ಮೇಲಿದ್ದು ಸೇರಿದವರನ್ನೂ ಸ್ವಲ್ಪ ಕೆಳಗಿದ್ದು ತಪ್ಪಿಸಿಕೊಂಡವರನ್ನೂ ಹೋಲಿಸಿ ನೋಡಿದರು. ಗೆರೆಯ ಕೆಳಗೆ ಉಳಿದವರು ಬೇರೆ ಕಡೆಗೆ ಹೋಗಿ ಓದಿರಬಹುದೆಂಬ ಊಹೆ ಸರಿಯಾಗಲಿಲ್ಲ. ಅವರಲ್ಲಿ ಹೆಚ್ಚಿನವರು ಓದನ್ನೇ ಮುಂದುವರಿಸಿರಲಿಲ್ಲ. ಅಂದರೆ ಈ ಪದವಿಯು ಬೇರೆ ಕಾಲೇಜಿನ ವಿದ್ಯಾರ್ಥಿಯನ್ನು ಕಿತ್ತುಕೊಳ್ಳದೆ, ಎಲ್ಲಿಯೂ ಓದುವ ಅವಕಾಶವಿಲ್ಲದವರಿಗೆ ಸ್ಥಳ ಕೊಟ್ಟಿತು. ಅಂತರ್ಜಾಲದ ಪದವಿಗೆ ಅರ್ಜಿ ಹಾಕಿದವರ ಸರಾಸರಿ ವಯಸ್ಸು 34, ಆವರಣದ ಪದವಿಗೆ 24 ಎಂಬ ಅಂಕಿಯೂ ಇದನ್ನೇ ಹೇಳುತ್ತದೆ. ಲಾರಿ ಹೋಗದ ಊರಿಗೆ ದಿನಸಿ ತಲುಪಿಸಿದ ಪುಣ್ಯ ತಂತ್ರಜ್ಞಾನದ್ದು, ಇದನ್ನು ಒಪ್ಪಲೇಬೇಕು.

ಇಲ್ಲಿ ನೀತಿಯ ಪ್ರಶ್ನೆಯೊಂದು ತಲೆಯೆತ್ತುತ್ತದೆ. ಇದೇ ಪದವಿಯಲ್ಲಿ ಕೃತಕ ಬುದ್ಧಿಮತ್ತೆಯ ಪಾಠ ಹೇಳುತ್ತಿದ್ದ ಪ್ರಾಧ್ಯಾಪಕ ಅಶೋಕ್ ಗೋಯೆಲ್ ಅವರ ತರಗತಿಯಲ್ಲಿ ಸುಮಾರು 300 ವಿದ್ಯಾರ್ಥಿಗಳಿದ್ದು, ಅವಧಿಯೊಂದಕ್ಕೆ ಸುಮಾರು 10,000 ಸಂದೇಶಗಳು ಬರುತ್ತಿದ್ದವು. ಅವುಗಳಲ್ಲಿ ಅನೇಕವು ಪದೇ ಪದೇ ಕೇಳುವ ಸಾಮಾನ್ಯ ಪ್ರಶ್ನೆಗಳು. 2016ರ ಆರಂಭದ ಅವಧಿಯಲ್ಲಿ ಅವರು ಐಬಿಎಂ ಕಂಪನಿಯ ವ್ಯವಸ್ಥೆಯನ್ನು ಆಧರಿಸಿದ ಯಂತ್ರವೊಂದನ್ನು ಜಿಲ್ ವ್ಯಾಟ್ಸನ್ ಎಂಬ ಹೆಸರಿನಲ್ಲಿ ಸಹಾಯಕರ ಸಾಲಿಗೆ ಸೇರಿಸಿದರು. ಆರಂಭದ ಉತ್ತರಗಳನ್ನು ಮನುಷ್ಯ ಸಹಾಯಕರು ಪರೀಕ್ಷಿಸಿಯೇ ಮುಂದೆ ಕಳುಹಿಸುತ್ತಿದ್ದರು. ಮುಂದೆ, ನೂರಕ್ಕೆ 97ರಷ್ಟು ಖಚಿತತೆಯಿದ್ದಾಗ ಮಾತ್ರ ಯಂತ್ರವೇ ನೇರವಾಗಿ ಉತ್ತರಿಸಿತು. ತಮಗೆ ಉತ್ತರಿಸುತ್ತಿರುವುದು ಯಂತ್ರವೆಂಬ ಸಂಗತಿ ವಿದ್ಯಾರ್ಥಿಗಳಿಗೆ ತಿಳಿದದ್ದು ಅವಧಿಯ ಕೊನೆಯಲ್ಲಿ. ಬಹುಮಂದಿ ಅದನ್ನು ಮೆಚ್ಚಿಕೊಂಡರು. ಸಹಾಯಕರ ಬೇಸರದ ಕೆಲಸ ತಗ್ಗಿ, ಕಷ್ಟದ ಪ್ರಶ್ನೆಗಳಿಗೆ ಸಮಯ ಉಳಿಯುವುದೆಂಬುದೇ ಅದರ ಉದ್ದೇಶ. ಉದ್ದೇಶ ಒಳ್ಳೆಯದು. ಹಾನಿಯೂ ಆಗಲಿಲ್ಲ. ಆದರೂ ಕೇಳುವವನಿಗೆ ತನ್ನೊಡನೆ ಮಾತನಾಡುತ್ತಿರುವವರು ಯಾರೆಂದು ತಿಳಿಯುವ ಹಕ್ಕಿದೆ. ಒಳ್ಳೆಯ ಫಲಕ್ಕಾಗಿ ಅಲ್ಪಕಾಲ ಮರೆಮಾಡಿದ ಸತ್ಯವೂ ಮರೆಮಾಡಿದ ಸತ್ಯವೇ. ಮುಂದಿನ ಅವಧಿಗಳಲ್ಲಿ ಸಹಾಯಕರಲ್ಲಿ ಯಂತ್ರವೂ ಇರುವುದೆಂದು ವಿದ್ಯಾರ್ಥಿಗಳಿಗೆ ಮೊದಲೇ ತಿಳಿದಿತ್ತು. ಅದು ಯೋಗ್ಯವಾದ ತಿದ್ದುಪಡಿ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇದೇ ಪ್ರಶ್ನೆ ಎದುರುಬದಿಯಿಂದ ಬಂದಿದೆ. ಈಗ ವಿದ್ಯಾರ್ಥಿಯೇ ಯಂತ್ರದಿಂದ ಪ್ರಬಂಧ ಬರೆಸಿ ತನ್ನದೆಂದು ಒಪ್ಪಿಸಬಲ್ಲ. ಸಾವಿರಾರು ಮೈಲಿ ದೂರದಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಅವನು ಏನು ಮಾಡಿದನೆಂದು ನೋಡುವವರಿಲ್ಲ. ಹೀಗೆ ಮಾಡಿದವನು ಪದವಿಗೆ ಮೋಸಮಾಡಿದನೆಂದು ಹೇಳುವುದು ರೂಢಿ. ಅದಕ್ಕಿಂತ ಹತ್ತಿರದ ಇನ್ನೊಂದು ಮೋಸವಿದೆ. ಮಾರ್ಗದರ್ಶಕರೊಬ್ಬರು ತಮ್ಮ ಮನೆಯವರ ಸಮಯವನ್ನು ಕಡಿದು, ಒಂದು ಗಂಟೆ ಕುಳಿತು, ಆ ಬರಹವನ್ನು ಓದಿ ಸಲಹೆ ಬರೆಯುತ್ತಾರೆ. ಆ ಸಲಹೆಯನ್ನು ಸ್ವೀಕರಿಸಿ ತಿದ್ದಿಕೊಳ್ಳುವವರು ಆಚೆಯ ಬದಿಯಲ್ಲಿ ಯಾರೂ ಇಲ್ಲ. ಒಬ್ಬ ಪ್ರಾಮಾಣಿಕ ಮನುಷ್ಯನ ಶ್ರಮವನ್ನು ಅವನಿಗೆ ತಿಳಿಯದಂತೆ ಶೂನ್ಯಕ್ಕೆ ಸುರಿಸಿದಂತಾಯಿತು. ಹಣ ಕದ್ದರೆ ಹಿಂತಿರುಗಿಸಬಹುದು. ಈ ಒಂದು ಗಂಟೆಯನ್ನು ಹಿಂತಿರುಗಿಸಲಾಗದು. ಉತ್ತರವನ್ನು ನಿಜವಾಗಿ ಬರೆದವರು ಒಬ್ಬರು, ನಿಜವಾಗಿ ಓದುವವರು ಒಬ್ಬರು ಇದ್ದಾಗ ಮಾತ್ರ ದೂರದ ಓದು ಓದಾಗಿ ಉಳಿಯುತ್ತದೆ.

ಇಷ್ಟರಿಂದ ದೂರದ ಓದು ಎಲ್ಲರಿಗೂ ಒದಗುವುದೆಂದು ತಿಳಿಯಬಾರದು. ಸಹಪಾಠಿಗಳ ಮುಖ ಕಾಣದ ಏಕಾಂತ ಅದರಲ್ಲಿದೆ. ವಾರವಾರವೂ ಕುಟುಂಬದಿಂದ ಕಡಿದು ತೆಗೆದ ಗಂಟೆಗಳ ಲೆಕ್ಕವಿದೆ. ಆ ಸಾಲವನ್ನು ತೀರಿಸುವವರು ವಿದ್ಯಾರ್ಥಿಯ ಪತಿಯೋ ಪತ್ನಿಯೋ ಮಕ್ಕಳೋ ಆಗಿರುತ್ತಾರೆ. ಸೇರಿದವರೆಲ್ಲ ಪದವಿ ಪಡೆಯುವುದೂ ಇಲ್ಲ. ಸ್ವಂತವಾಗಿ ಓದುವ ಅಭ್ಯಾಸ ಇನ್ನೂ ಬಲಿಯದ ಎಳೆಯರಿಗೆ ಸ್ಯಾನ್ ಹೋಸೆಯ ಅನುಭವವೇ ಎಚ್ಚರಿಕೆ. ಮೂವತ್ನಾಲ್ಕರ ಗೃಹಸ್ಥನಿಗೆ ಹಿಡಿಸಿದ ಮದ್ದು ಹನ್ನೆರಡರ ಬಾಲಕನಿಗೂ ಹಿಡಿಸೀತೆಂದು ಭಾವಿಸಿ ಅವನ ಕೈಗೆ ತೆರೆಯೊಂದನ್ನು ಕೊಟ್ಟು ಬಿಟ್ಟುಬಿಡುವುದು ವಿವೇಕವಲ್ಲ. ಎಳೆಯ ವಿದ್ಯಾರ್ಥಿಗೆ ಪಕ್ಕದಲ್ಲಿ ಕುಳಿತು ಕೇಳುವವರು ಹೆಚ್ಚು ಬೇಕು.

ಶಾಲೆಗಳಿಗೂ ವಿದ್ಯಾರ್ಥಿನಿಲಯಗಳಿಗೂ ನೆರವಾಗುವ ಧರ್ಮಸಂಸ್ಥೆಗಳ ಮುಂದೆ ಇಂದು ಯಂತ್ರಗಳ ಕೋರಿಕೆ ಬರುವುದು ಸಹಜ. ಕೋರಿಕೆಯನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಹಣ ಮಂಜೂರು ಮಾಡುವ ಮೊದಲು ವಿಶ್ವಸ್ತರು ಕೆಲವು ಪ್ರಶ್ನೆಗಳನ್ನು ಕೇಳುವುದು ಲೇಸು. ಈ ಯಂತ್ರದಲ್ಲಿ ಮಗು ಬರೆದುದನ್ನು ಓದುವವರು ಯಾರು? ಅವರಿಗೆ ಒಂದು ವಾರದಲ್ಲಿ ಎಷ್ಟು ಬರಹಗಳು ಬರುತ್ತವೆ? ಓದಿ ಉತ್ತರಿಸಲು ಎಷ್ಟು ದಿನ ಹಿಡಿಯುತ್ತದೆ? ಅವರ ಸಂಭಾವನೆ ಯಾವ ಬಾಬಿನಿಂದ ಬರುತ್ತದೆ? ಯಂತ್ರವೇ ಉತ್ತರಿಸುವುದಾದರೆ ಅದನ್ನು ಮಗುವಿಗೂ ಪೋಷಕರಿಗೂ ಮೊದಲೇ ತಿಳಿಸಲಾಗಿದೆಯೆ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಹತ್ತು ಯಂತ್ರಗಳ ಬದಲು ಆರನ್ನು ಕೊಂಡು, ಉಳಿದ ಹಣದಲ್ಲಿ ಸಂಜೆ ಎರಡು ಗಂಟೆ ಮಕ್ಕಳ ಬರಹ ಓದುವ ಒಬ್ಬ ನಿವೃತ್ತ ಶಿಕ್ಷಕರನ್ನು ಗೊತ್ತುಮಾಡಬಹುದು. ಸಮಾಜದಲ್ಲಿ ಓದಿ ಉದ್ಯೋಗಕ್ಕೆ ಸೇರಿದ ತರುಣರಿಗೂ ಇಲ್ಲೊಂದು ಕೆಲಸವಿದೆ. ವಿದ್ಯಾರ್ಥಿವೇತನದ ನೆರವಿನಿಂದ ಓದಿದವರು ವಾರಕ್ಕೆ ಇಬ್ಬರು ಮಕ್ಕಳ ಪ್ರಬಂಧ ಓದಿ ನಾಲ್ಕು ಸಾಲು ಬರೆದು ಕಳುಹಿಸಿದರೆ, ಅವರು ಬೆಂಗಳೂರಿನಲ್ಲಿರಲಿ, ಅಟ್ಲಾಂಟಾದಲ್ಲಿರಲಿ, ಹುಟ್ಟಿದ ಊರಿನ ಮಗುವಿಗೆ ಹತ್ತಿರದವರಾಗುತ್ತಾರೆ. ಅದಕ್ಕೆ ಬೇಕಾದ ತಂತ್ರಜ್ಞಾನ ಈಗಾಗಲೇ ಎಲ್ಲರ ಕಿಸೆಯಲ್ಲಿದೆ.

ಮುಂದಿನ ವರ್ಷದ ಆಯವ್ಯಯ ಪತ್ರವನ್ನು ಸಿದ್ಧಪಡಿಸುವಾಗ ವಿದ್ಯೆಯ ಪುಟದಲ್ಲಿ ಹೊಸದೊಂದು ಸಾಲು ಸೇರಲಿ: ಮಕ್ಕಳ ಬರಹ ಓದುವವರ ಸಂಭಾವನೆ. ಮೊತ್ತ ಚಿಕ್ಕದಾಗಿರಬಹುದು. ಸಾಲು ಇದ್ದರೆ ವರ್ಷದ ಕೊನೆಯಲ್ಲಿ ಅದರ ಮುಂದೆ ಏನು ನಡೆಯಿತೆಂದು ಯಾರಾದರೊಬ್ಬರು ಕೇಳಲೇಬೇಕಾಗುತ್ತದೆ.